ತಿಂಗಳೊಂದರಲ್ಲಿ ಕಾದಂಬರಿ: ದುಡಿಯುವ ಕೈಗೆ ಇದು ಸಾಧ್ಯವೆ?

“ನನ್ನ ಬಾಳನ್ನು ಬರೆದರೆ ಅದೇ ಒಂದು ಕಾದಂಬರಿಯಾದೀತು” ಎಂಬ ಮಾತನ್ನು ಹೊರನಾಡಿನ ಕನ್ನಡಿಗರ ಬಾಯಿಂದ ನಾವು ಕೇಳಿದಷ್ಟು ಬಾರಿ ಬೇರೆ ಯಾರೂ ಕೇಳಿರಲಾರರು. ಎಸ್.ಎಸ್.ಎಲ್.ಸಿ.ಗೆ ಓದನ್ನು ಮುಗಿಸಿ, ಹಲವು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು, ತರುವಾಯ ಪತ್ರಿಕೆಯ ಮೇಜಿನ ಮುಂದೆ ಕುಳಿತವರು ನಾವು. ಗಲ್ಲಾದ ಬಳಿ ನಿಂತು ಆ ಮಾತನ್ನಾಡಿದವರಲ್ಲಿ ಅಡಿಗೆಯ ಭಟ್ಟರಿದ್ದರು, ಸಪ್ಲಾಯರರಿದ್ದರು, ಎದುರಿನ ಬ್ಯಾಂಕಿನ ಗುಮಾಸ್ತರಿದ್ದರು. “ಹಾಗಾದರೆ ಬರೆಯಬಾರದೇಕೆ?” ಎಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ: “ಪುರುಸೊತ್ತು ಎಲ್ಲಿದೆ, ಸ್ವಾಮಿ?”

ಈ ಉತ್ತರದಲ್ಲಿ ಸುಳ್ಳಿಲ್ಲ. ಮುಂಜಾನೆ ಐದಕ್ಕೆ ಒಲೆ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ನೆಲ ತೊಳೆಯುವವರೆಗೆ ನಿಂತ ಕಾಲಲ್ಲಿರುವವನಿಗೂ, ಬೆಳಗಿನ ಲೋಕಲ್ ಗಾಡಿಯಲ್ಲಿ ಒಂಟಿ ಕಾಲಲ್ಲಿ ನಿಂತು ಕಚೇರಿ ಸೇರುವವನಿಗೂ ಬಿಡುವೆಂಬುದು ದುರ್ಲಭ. ಆದರೆ ಬಿಡುವು ಬಂದ ಮೇಲೆ ಬರೆಯುತ್ತೇವೆಂದು ಕಾದು ಕುಳಿತವರಲ್ಲಿ ಬರೆದವರೆಷ್ಟು ಮಂದಿ? ನಿವೃತ್ತರಾದ ಬಳಿಕ ಕಣ್ಣು ಮಂಜಾಗುತ್ತದೆ, ನೆನಪು ಮಾಸುತ್ತದೆ. ಆದುದರಿಂದ, ಬಿಡುವಿಲ್ಲದ ಬಾಳಿನ ನಡುವೆಯೇ ಒಂದು ತಿಂಗಳಿನಲ್ಲಿ ಒಂದು ಕಾದಂಬರಿಯನ್ನು ಬರೆದು ಮುಗಿಸುವ ಪಣವೊಂದರ ವೃತ್ತಾಂತವನ್ನು ವಾಚಕರ ಮುಂದಿಡಲು ಬಯಸಿದ್ದೇವೆ.

ಪಣದ ಹುಟ್ಟು

ಈ ಪಣವು ಹುಟ್ಟಿದ್ದು ಅಮೆರಿಕದ ಸಾನ್ ಫ್ರಾನ್ಸಿಸ್ಕೋ ಪ್ರಾಂತದಲ್ಲಿ, 1999ರಲ್ಲಿ. ಕ್ರಿಸ್ ಬೇಟಿ ಎಂಬ ತರುಣನು ಗೆಳೆಯರನ್ನು ಕೂಡಿಸಿಕೊಂಡು, ಒಂದೇ ತಿಂಗಳಿನಲ್ಲಿ ಐವತ್ತು ಸಾವಿರ ಪದಗಳ ಕಾದಂಬರಿಯೊಂದನ್ನು ಪ್ರತಿಯೊಬ್ಬರೂ ಬರೆಯತಕ್ಕದ್ದೆಂದು ಗೊತ್ತುಮಾಡಿದನು. ಆ ವರ್ಷ ಸೇರಿದವರು 21 ಮಂದಿ. ಮರುವರ್ಷ ಪಣವನ್ನು ನವೆಂಬರ್ ತಿಂಗಳಿಗೆ ವರ್ಗಾಯಿಸಲಾಯಿತು. ಅಲ್ಲಿ ಆಗ ಹವೆ ಕೆಟ್ಟಿರುವುದರಿಂದ ಜನ ಮನೆಯೊಳಗೇ ಕುಳಿತು ಬರೆದಾರೆಂಬುದು ಅದರ ಹಿಂದಿನ ಯುಕ್ತಿ. ಎರಡನೆಯ ವರ್ಷ ಸುಮಾರು 140 ಮಂದಿ ಸೇರಿದರು. ಮೂರನೆಯ ವರ್ಷ ಸಾವಿರಗಟ್ಟಲೆ ಜನ ಬಂದರು. ಮುಂದೆ ಅದು ಸಂಸ್ಥೆಯಾಗಿ ಬೆಳೆದು ದೇಶದೇಶಗಳಿಗೆ ಹಬ್ಬಿತು.

ನಿಯಮಗಳು ಬಹಳ ಸರಳವಾಗಿದ್ದವು. ಮೂವತ್ತು ದಿನ, ಐವತ್ತು ಸಾವಿರ ಪದ. ದಿನಕ್ಕೆ ಭಾಗಿಸಿದರೆ 1,667 ಪದಗಳಾಗುತ್ತವೆ. ತೀರ್ಪುಗಾರರಿಲ್ಲ, ಬಹುಮಾನದ ಹಣವಿಲ್ಲ. ಗುರಿ ಮುಟ್ಟಿದವರೆಲ್ಲರೂ ಗೆದ್ದವರೇ. ಬರೆದುದು ಚೆನ್ನಾಗಿದೆಯೇ ಎಂದು ಯಾರೂ ಕೇಳರು. ಬರೆದಿರಾ ಎಂದು ಮಾತ್ರ ಕೇಳುವರು.

ಇಂದು ಆ ಸಂಸ್ಥೆ ಉಳಿದಿಲ್ಲ. ಯಂತ್ರಬುದ್ಧಿಯ ಸಹಾಯದಿಂದ ಬರೆಯುವುದನ್ನು ಕುರಿತು 2024ರಲ್ಲಿ ಅದು ಹೊರಡಿಸಿದ ಹೇಳಿಕೆಯಿಂದ ಅನೇಕ ಲೇಖಕರು ನೊಂದು ದೂರವಾದರು; ಹಣದ ಅಡಚಣೆಯೂ ಮೊದಲಿನಿಂದ ಇದ್ದಿತು. 2025ರ ಮಾರ್ಚ್ ಕೊನೆಯಲ್ಲಿ ತಾನು ಬಾಗಿಲು ಮುಚ್ಚುತ್ತಿರುವುದಾಗಿ ಅದು ಸಾರಿತು. ಆದರೆ ಪಣವೆಂಬುದು ಸಂಸ್ಥೆಯ ಸೊತ್ತಲ್ಲ. ಹೋಟೆಲು ಮುಚ್ಚಿದರೂ ಅಲ್ಲಿ ಕಲಿತ ಅಡಿಗೆ ಕೈಬಿಟ್ಟು ಹೋಗುವುದಿಲ್ಲವಷ್ಟೆ. ಒಂದು ನೋಟುಬುಕ್ಕು, ಒಂದು ಲೇಖನಿ, ಪಂಚಾಂಗದಲ್ಲಿ ಮೂವತ್ತು ದಿನ ಇದ್ದವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಅವಸರದ ಬರಹ ಬರಹವೆ?

“ತಿಂಗಳೊಂದರಲ್ಲಿ ಗೀಚಿದ್ದು ಸಾಹಿತ್ಯವಾದೀತೆ?” ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ನಮ್ಮ ಉತ್ತರ ಅಡಿಗೆಮನೆಯಿಂದ ಬರುವಂಥದು. ರಾತ್ರಿ ರುಬ್ಬಿದ ಹಿಟ್ಟನ್ನು ರಾತ್ರಿಯೇ ಕಾವಲಿಗೆ ಹೊಯ್ಯುವ ಭಟ್ಟರು ಯಾರೂ ಇಲ್ಲ. ಅದು ಹುಳಿ ಬರಬೇಕು, ಉಬ್ಬಬೇಕು, ಉಪ್ಪು ನೋಡಬೇಕು. ಹಾಗೆಂದು ರುಬ್ಬದೆಯೇ ಇದ್ದರೆ ಮುಂಜಾನೆ ಗಿರಾಕಿಯ ಮುಂದೆ ಇಡುವುದಕ್ಕೆ ಏನಿರುತ್ತದೆ? ತಿಂಗಳಿನಲ್ಲಿ ಬರೆದುದು ಹಿಟ್ಟು, ದೋಸೆಯಲ್ಲ. ಅಮೆರಿಕದ ಸಾರಾ ಗ್ರುಯೆನ್ ಎಂಬಾಕೆಯ ‘ವಾಟರ್ ಫಾರ್ ಎಲಿಫೆಂಟ್ಸ್’ (2006), ಎರಿನ್ ಮಾರ್ಗನ್‌ಸ್ಟರ್ನ್ ಎಂಬಾಕೆಯ ‘ದಿ ನೈಟ್ ಸರ್ಕಸ್’ (2011) ಎಂಬ ಪ್ರಖ್ಯಾತ ಕಾದಂಬರಿಗಳ ಮೊದಲ ಕರಡುಗಳು ಈ ನವೆಂಬರ್ ಪಣದಲ್ಲೇ ಹುಟ್ಟಿದವು. ಆದರೆ ಎರಡನೆಯದು ಒಂದು ನವೆಂಬರಿಗೆ ಮುಗಿದುದಲ್ಲ. ಒಂದಕ್ಕಿಂತ ಹೆಚ್ಚು ನವೆಂಬರುಗಳಲ್ಲಿ ಬೆಳೆದು, ಮತ್ತೆ ಮತ್ತೆ ತಿದ್ದಿಸಿಕೊಂಡ ಬಳಿಕವೇ ಅಚ್ಚಿಗೆ ಹೋದದ್ದು. ಪಣವು ಕೊಡುವುದು ಆರಂಭವನ್ನು. ಮುಂದಿನದು ಲೇಖಕರ ತಾಳ್ಮೆಗೆ ಸೇರಿದ್ದು.

ಗಡುವಿನ ಒತ್ತಡದಲ್ಲಿ ಒಳ್ಳೆಯ ಬರಹ ಹುಟ್ಟಲಾರದೆಂಬುದೂ ನಿಜವಲ್ಲ. ರಷ್ಯದ ದೊಸ್ತೊಯೆವ್‌ಸ್ಕಿಯ ಕತೆಯನ್ನು ನೋಡಿ. ಅಣ್ಣನು ತೀರಿಕೊಂಡ ಮೇಲೆ ಸಾಲದ ಹೊರೆಯಲ್ಲಿ ಮುಳುಗಿದ ಆತ ಒಬ್ಬ ಪ್ರಕಾಶಕನಿಂದ ಮೂರು ಸಾವಿರ ರೂಬಲ್ ಪಡೆದು ಕರಾರಿಗೆ ರುಜು ಹಾಕಿದ್ದನು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯನ್ನು ಕೊಡದಿದ್ದರೆ ಒಂಬತ್ತು ವರ್ಷ ಆತನ ಬರಹಗಳನ್ನೆಲ್ಲ ಬಿಡಿಗಾಸನ್ನೂ ಕೊಡದೆ ಅಚ್ಚುಹಾಕುವ ಹಕ್ಕು ಪ್ರಕಾಶಕನಿಗೆ ಸೇರುವಂತಿತ್ತು. ಅಕ್ಟೋಬರ್ ಆರಂಭವಾದರೂ ಆ ಕಾದಂಬರಿಯ ಒಂದು ಪುಟವೂ ಇರಲಿಲ್ಲ. ಆಗ ಅನ್ನಾ ಎಂಬ ಇಪ್ಪತ್ತು ವರ್ಷದ ಶೀಘ್ರಲಿಪಿಗಾರ್ತಿಯನ್ನು ನೇಮಿಸಿಕೊಂಡು, ಅಂದಿನ ರಷ್ಯನ್ ಪಂಚಾಂಗದಂತೆ ಅಕ್ಟೋಬರ್ 4ರಿಂದ ಬಾಯಲ್ಲಿ ಹೇಳಿ ಬರೆಸತೊಡಗಿ, ಇಪ್ಪತ್ತಾರು ದಿನಗಳಲ್ಲಿ ‘ಜೂಜುಗಾರ’ ಕಾದಂಬರಿಯನ್ನು ಮುಗಿಸಿದನು. ಕೊಡಹೋದಾಗ ಪ್ರಕಾಶಕನು ಊರಲ್ಲೇ ಇರಲಿಲ್ಲ. ಹಸ್ತಪ್ರತಿಯನ್ನು ಪೋಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀತಿ ಪಡೆಯಬೇಕಾಯಿತು. ‘ಅಪರಾಧ ಮತ್ತು ಶಿಕ್ಷೆ’ ಎಂಬ ಮಹಾಕೃತಿ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿದ್ದುದೂ ಅದೇ ವರ್ಷದಲ್ಲಿ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಅಂಚೆಕಚೇರಿಯ ಗುಮಾಸ್ತ

ದೊಸ್ತೊಯೆವ್‌ಸ್ಕಿ ಮಹಾಪ್ರತಿಭೆ, ಅಂಥವರ ಮಾತು ಬೇರೆ ಎನ್ನುವವರಿಗಾಗಿ ಒಬ್ಬ ಸಂಬಳಗಾರನ ಉದಾಹರಣೆಯನ್ನು ಕೊಡುತ್ತೇವೆ. ಇಂಗ್ಲೆಂಡಿನ ಆಂತೊನಿ ಟ್ರಾಲಪ್ 1834ರಲ್ಲಿ ಲಂಡನ್ನಿನ ಅಂಚೆಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು. 1867ರವರೆಗೂ ಆ ಇಲಾಖೆಯಲ್ಲೇ ದುಡಿದನು. ಇಷ್ಟರ ನಡುವೆ ಕಾದಂಬರಿಗಳನ್ನು ಬರೆಯುತ್ತಲೇ ಇದ್ದನು. ಬಾಳಿನ ಕೊನೆಗೆ ಅವುಗಳ ಸಂಖ್ಯೆ 47ಕ್ಕೆ ಮುಟ್ಟಿತ್ತು.

ಈತನ ಕ್ರಮವನ್ನು ನಮ್ಮ ವಾಚಕರು ಮನಸ್ಸಿಟ್ಟು ಗಮನಿಸಬೇಕು. ಮುಂಜಾನೆ ಐದೂವರೆಗೆ ಮೇಜಿನ ಮುಂದೆ ಕೂರುವುದು. ಹಾಗೆ ಎಬ್ಬಿಸಿ ಕಾಫಿ ಕೊಡುವುದಕ್ಕೆಂದೇ ಮನೆಯ ಹಳೆಯ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚು ಸಂಬಳ. ಮೊದಲ ಅರ್ಧ ಗಂಟೆ ನಿನ್ನೆಯ ಬರಹದ ಓದು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುವುದು. ಎಂಟೂವರೆಗೆ ಬರಹ ನಿಲ್ಲಿಸಿ ಉಡುಪು ತೊಟ್ಟು ಕೆಲಸಕ್ಕೆ ಹೊರಡುವುದು. ಇಲಾಖೆಯ ಕೆಲಸಕ್ಕಾಗಿ ರೈಲಿನಲ್ಲಿ ತಿರುಗಬೇಕಾದಾಗ, ತೊಡೆಯ ಮೇಲಿಡುವಂಥ ಸಣ್ಣ ಹಲಗೆಯೊಂದನ್ನು ಮಾಡಿಸಿಕೊಂಡು ಪೆನ್ಸಿಲಿನಲ್ಲಿ ಬರೆದನು. ಅದನ್ನು ಆತನ ಪತ್ನಿ ಆಮೇಲೆ ಪ್ರತಿ ಮಾಡಿಕೊಟ್ಟಳು. 1857ರಲ್ಲಿ ಪ್ರಕಟವಾದ ‘ಬಾರ್ಚೆಸ್ಟರ್ ಟವರ್ಸ್’ ಎಂಬ ಆತನ ಹೆಸರಾಂತ ಕಾದಂಬರಿಯ ಬಹುಭಾಗ ಹೀಗೆ ರೈಲಿನಲ್ಲೇ ಹುಟ್ಟಿದ್ದು.

ಇನ್ನೂ ಒಂದು ಸಂಗತಿ. ಅಂಗಡಿಕಾರನು ಲೆಕ್ಕದ ಪುಸ್ತಕ ಇಡುವಂತೆ ಆತ ಬರಹಕ್ಕೂ ಲೆಕ್ಕ ಇಟ್ಟಿದ್ದನು. ಈ ದಿನ ಎಷ್ಟು ಪುಟವಾಯಿತೆಂದು ಪ್ರತಿದಿನವೂ ಕಾಣಿಸುತ್ತಿದ್ದನು. ಪುಟಕ್ಕೆ 250 ಪದದಂತೆ ವಾರಕ್ಕೆ ಸರಾಸರಿ 40 ಪುಟ. ಅಂದರೆ ವಾರಕ್ಕೆ ಹತ್ತು ಸಾವಿರ ಪದ. ತಿಂಗಳಿಗೆ ಸುಮಾರು 43,000. ಅಮೆರಿಕದವರು ಒಂದು ತಿಂಗಳಿನ ಸಾಹಸವೆಂದು ಹೂಡಿದ ಪಣಕ್ಕೆ ಬಹುಮಟ್ಟಿಗೆ ಸಮನಾದ ಕೆಲಸವನ್ನು ಈ ಅಂಚೆಯ ನೌಕರನು ವರ್ಷಗಟ್ಟಲೆ, ಸಂಬಳದ ಕೆಲಸಕ್ಕೆ ಕುಂದು ತಾರದೆ, ಮಾಡುತ್ತ ಬಂದಿದ್ದನೆಂದಾಯಿತು. ಆತ ತೀರಿಕೊಂಡ ಮರುವರ್ಷ, 1883ರಲ್ಲಿ, ಆತ್ಮಕಥೆ ಅಚ್ಚಾಗಿ ಈ ಲೆಕ್ಕವೆಲ್ಲ ಹೊರಬಿದ್ದಾಗ, ಇದೇನು ಕಸುಬುದಾರನ ಬರಹವೆಂದು ಮೂಗು ಮುರಿದವರಿದ್ದರು. ಮೂಗು ಮುರಿದವರ ಹೆಸರುಗಳು ಮರೆತುಹೋಗಿವೆ. ಟ್ರಾಲಪ್ಪನ ಕಾದಂಬರಿಗಳನ್ನು ಜನ ಇಂದಿಗೂ ಓದುತ್ತಿದ್ದಾರೆ.

ಕನ್ನಡದಲ್ಲಿಯೂ ಇಂಥವರ ಪರಂಪರೆ ದೊಡ್ಡದು. ಮಾಸ್ತಿಯವರು ಮೈಸೂರು ಸಂಸ್ಥಾನದ ಸರಕಾರಿ ಕೆಲಸದಲ್ಲಿದ್ದುಕೊಂಡೇ ನಮ್ಮ ಸಣ್ಣಕತೆಗೆ ತಳಹದಿ ಹಾಕಿದರು. ಇದೇ ಮುಂಬಯಿಯಲ್ಲಿ ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದ ಹೊಣೆಗಾರಿಕೆಯ ಹುದ್ದೆಯಲ್ಲಿದ್ದು, ಆ ಜಗತ್ತಿನ ಭಯ, ಸಂಶಯ, ಪಿತೂರಿಗಳನ್ನೇ ವಸ್ತುವಾಗಿಸಿ 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟರು. ನೌಕರಿಯು ಬರಹಕ್ಕೆ ಅಡ್ಡಿಯಷ್ಟೇ ಅಲ್ಲ, ಬರಹಕ್ಕೆ ಬೇಕಾದ ಸಾಮಗ್ರಿಯ ಉಗ್ರಾಣವೂ ಹೌದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನಮ್ಮ ಅಳತೆ ನಮಗಿರಲಿ

ಪಣ ತೊಡುವವರಿಗೆ ಮೊದಲು ಹೇಳಬೇಕಾದುದು ಅಳತೆಯ ವಿಚಾರ. ಐವತ್ತು ಸಾವಿರವೆಂಬುದು ಇಂಗ್ಲಿಷಿನ ಲೆಕ್ಕ. ನಮ್ಮ ಭಾಷೆಯ ಜಾಯಮಾನ ಬೇರೆ. “ಅಂಗಡಿಯಿಂದ ಬರುತ್ತಿದ್ದವನಿಗೆ” ಎಂಬ ನಮ್ಮ ಎರಡು ಪದಗಳಿಗೆ ಇಂಗ್ಲಿಷಿನಲ್ಲಿ ಎಂಟೊಂಬತ್ತು ಪದಗಳು ಬೇಕಾಗುತ್ತವೆ. ವಿಭಕ್ತಿ ಪ್ರತ್ಯಯಗಳೂ ಕಾಲಸೂಚಕಗಳೂ ನಮ್ಮಲ್ಲಿ ಪದದ ಬೆನ್ನಿಗೇ ಅಂಟಿಕೊಂಡು ಬರುವುದೇ ಇದಕ್ಕೆ ಕಾರಣ. ಆದುದರಿಂದ ಇಂಗ್ಲಿಷಿನ ಅಂಕಿಯನ್ನು ಹಿಡಿದು ಕನ್ನಡಿಗನು ಬೆನ್ನು ಮುರಿದುಕೊಳ್ಳಬೇಕಾಗಿಲ್ಲ. ದಿನಕ್ಕೆ ಒಂದು ಸಾವಿರ ಪದ, ತಿಂಗಳಿಗೆ ಮೂವತ್ತು ಸಾವಿರ ಪದ ನಮಗೆ ತಕ್ಕ ಅಳತೆಯೆಂದು ನಮ್ಮ ಅಭಿಮತ. ಅಚ್ಚಿನಲ್ಲಿ ಅದು ನೂರಿಪ್ಪತ್ತು ಪುಟಗಳಿಗೆ ಕಡಿಮೆಯಾಗದ ಕಿರುಕಾದಂಬರಿ. ಅಷ್ಟೂ ಆಗದವರು ಐನೂರು ಪದ ಬರೆಯಲಿ. ತಿಂಗಳ ಕೊನೆಗೆ ಒಂದು ಒಳ್ಳೆಯ ನೀಳ್ಗತೆ ಕೈಯಲ್ಲಿರುತ್ತದೆ. ಟ್ರಾಲಪ್ಪನ ವೇಗದಲ್ಲಿ ಸಾವಿರ ಪದಕ್ಕೆ ಒಂದು ಗಂಟೆ ಸಾಕು. ಆತನ ಅರ್ಧ ವೇಗವೆಂದಿಟ್ಟುಕೊಂಡರೂ ಎರಡು ಗಂಟೆ.

ಆ ಎರಡು ಗಂಟೆಯನ್ನು ತರುವುದೆಲ್ಲಿಂದ? ಒಟ್ಟಿಗೆ ಸಿಕ್ಕೀತೆಂದು ನಂಬಿ ಕೂರಬಾರದು, ಚಿಲ್ಲರೆಯಾಗಿಯೇ ಕೂಡಿಸಬೇಕು. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ತಿಂಡಿಯ ಜನ ಬರುವವರೆಗೆ ನಡುವೊಂದು ಇಳಿಹೊತ್ತು ಉಂಟು. ಗುಮಾಸ್ತರಿಗೆ ಊಟದ ವಿರಾಮದಲ್ಲಿ ಉಳಿಯುವ ಇಪ್ಪತ್ತು ನಿಮಿಷ ಉಂಟು. ಆರಂಭದ ನಿಲ್ದಾಣದಲ್ಲಿ ಗಾಡಿ ಹತ್ತುವ ಪುಣ್ಯವಂತರಿಗೆ ಕೂರಲು ಜಾಗವೂ ಉಂಟು. ಎಂಟು ಮಂದಿ ಒಟ್ಟಿಗೆ ಮಲಗುವ ಖೋಲಿಯಲ್ಲಿ ದೀಪ ಆರಿಸಿದ ಮೇಲೆ ಬರೆಯುವುದು ಹೇಗೆಂದು ಕೇಳುವವರಿಗೆ ಇಂದು ಮೊಬೈಲು ಕೈಯಲ್ಲಿದೆ. ಅದರಲ್ಲಿ ಕನ್ನಡದಲ್ಲಿ ಬೆರಳಿನಿಂದ ಒತ್ತಿ ಬರೆಯಬಹುದು. ಬಾಯಲ್ಲಿ ಹೇಳಿದರೆ ಅಕ್ಷರಕ್ಕಿಳಿಸುವ ಸೌಕರ್ಯವೂ ಇದೆ. ದೊಸ್ತೊಯೆವ್‌ಸ್ಕಿಗೆ ಶೀಘ್ರಲಿಪಿಗಾರ್ತಿ ಬೇಕಾಗಿತ್ತು. ನಮ್ಮ ಸಪ್ಲಾಯರ್ ಸೋದರನು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ತನ್ನ ಕತೆಯನ್ನು ತಾನೇ ಹೇಳಿ ಬರೆಸಿಕೊಳ್ಳಬಹುದು. ಆದರೆ ಬರೆಸಿಕೊಳ್ಳುವುದಕ್ಕೆ ಮಾತ್ರ ಯಂತ್ರ ಸಾಕು. ಕತೆಯನ್ನೇ ಅದರಿಂದ ಕಟ್ಟಿಸಿಕೊಂಡರೆ ಪಣ ತೊಟ್ಟು ಫಲವೇನು? ಬಾಣಲೆಯ ಮುಂದೆ ನಿಂತ ಬೆವರು ಯಂತ್ರಕ್ಕೆ ಗೊತ್ತಿಲ್ಲ.

ತಿಂಗಳಿನ ಆಯ್ಕೆಯಲ್ಲಿಯೂ ವಿವೇಕ ಬೇಕು. ಲೆಕ್ಕದ ವಿಭಾಗದ ಗುಮಾಸ್ತರು ಮಾರ್ಚಿಯಲ್ಲಿ ಈ ಸಾಹಸಕ್ಕೆ ಕೈ ಹಾಕಬಾರದು. ಹೋಟೆಲಿನವರು ಗಣೇಶೋತ್ಸವ, ದೀಪಾವಳಿಗಳ ನೂಕುನುಗ್ಗಲನ್ನು ತಪ್ಪಿಸಿಕೊಳ್ಳಬೇಕು. ನಿದ್ದೆಯನ್ನು ಕಡಿದು ಬರೆಯುವ ಹುಮ್ಮಸ್ಸು ಬೇಡವೇ ಬೇಡ. ಕುದಿಯುವ ಎಣ್ಣೆಯ ಮುಂದೆ ನಿಲ್ಲಬೇಕಾದವನಿಗೆ ನಿದ್ದೆಗೇಡು ಅಪಾಯಕಾರಿ. ಕಡಿಯುವುದಾದರೆ ಮೊಬೈಲಿನ ಪರದೆಯ ಮೇಲೆ ಕಣ್ಣು ಕೀಲಿಸಿ ಕಳೆಯುವ ಹೊತ್ತನ್ನು ಕಡಿಯಲಿ.

ಬರೆಯಲಾರಂಭಿಸಿದ ಮೇಲೆ ಎರಡೇ ಎರಡು ಕಟ್ಟುಪಾಡು. ತಿಂಗಳು ಮುಗಿಯುವವರೆಗೆ ಹಿಂದಿನ ಪುಟವನ್ನು ತಿದ್ದಬಾರದು. ತಿದ್ದಲು ಕುಳಿತವನು ಮೊದಲ ಅಧ್ಯಾಯವನ್ನು ದಾಟುವುದಿಲ್ಲ. ಪ್ರತಿರಾತ್ರಿ ಆ ದಿನದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ಒಂದು ದಿನ ಸೊನ್ನೆ ಬಿದ್ದರೆ ಮರುದಿನ ಅದನ್ನು ಹೊರೆಯೆಂದು ಹೊತ್ತು ಕೂರದೆ ಆ ದಿನದ ಪಾಲನ್ನು ಬರೆಯಬೇಕು. ಎರಡನೆಯ ವಾರದಲ್ಲಿ ಕತೆ ಸಪ್ಪೆಯೆನಿಸಿ, ಇದು ತನ್ನಿಂದಾಗದೆಂಬ ಬೇಸರ ಬರುವುದು ಸಹಜ. ಹೊಸದಾಗಿ ಹೋಟೆಲಿಗೆ ಸೇರಿದ ಹುಡುಗನು ಎರಡನೆಯ ವಾರದಲ್ಲೇ ಊರಿಗೆ ಓಡಿಹೋಗಲು ಬಯಸುತ್ತಾನೆ. ಆ ವಾರವನ್ನು ತಾಳಿಕೊಂಡವನು ಉಳಿಯುತ್ತಾನೆ.

ಬರೆಯದಿದ್ದರೆ ನಷ್ಟವಾರದು?

ಕೊನೆಯಲ್ಲಿ, ಇಷ್ಟೆಲ್ಲ ಕಷ್ಟಪಟ್ಟು ಬರೆಯಬೇಕಾದುದೇಕೆ ಎಂಬ ಪ್ರಶ್ನೆ. ಹೆಸರಿಗಾಗಿ ಎಂದರೆ ನಾವು ಒಪ್ಪೆವು. ಹಣಕ್ಕಾಗಿ ಎಂದರೆ ನಗುತ್ತೇವೆ. ಕಾರಣ ಬೇರೆಯೇ ಉಂಟು. 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರ ಹೆಸರು, 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಊಟದ ಮನೆ ಆರಂಭಿಸಿದ ಎ. ರಾಮ ನಾಯಕರ ಹೆಸರು ಊರಿಗೆಲ್ಲ ಗೊತ್ತು, ಗೊತ್ತಿರಬೇಕಾದುದೇ. ಆದರೆ ಅಂಥ ನೂರಾರು ಹೋಟೆಲುಗಳಲ್ಲಿ ನಡುರಾತ್ರಿ ಎದ್ದು ಉದ್ದು ರುಬ್ಬಿದವರು, ಹನ್ನೆರಡು ವರ್ಷಕ್ಕೆ ಘಟ್ಟವಿಳಿದೋ ಹಡಗು ಹತ್ತಿಯೋ ಬಂದು ಲೋಟ ತೊಳೆದವರು, ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಅಕ್ಷರ ಕಲಿತು ಗುಮಾಸ್ತರಾದವರು, ಊರಿಗೆ ಕಳುಹಿಸಿದ ಮನಿಯಾರ್ಡರಿನ ಮೂಲೆಯಲ್ಲಿ ನಾಲ್ಕು ಸಾಲು ಬರೆದು ತಮ್ಮ ದುಃಖವನ್ನೆಲ್ಲ ನುಂಗಿಕೊಂಡವರು – ಇವರ ಹೆಸರು ಯಾವ ಬೋರ್ಡಿನಲ್ಲಿಯೂ ಇಲ್ಲ. ಅವರಲ್ಲಿ ಅನೇಕರು ತೀರಿಹೋದರು. ಉಳಿದವರ ಮಕ್ಕಳು ಮರಾಠಿ, ಹಿಂದಿ, ತಮಿಳು, ತೆಲುಗುಗಳ ನಡುವೆ ಬೆಳೆದು, ಕನ್ನಡವನ್ನು ಮಾತಿಗೆ ಉಳಿಸಿಕೊಂಡರೂ ಓದಿಗೆ ಬಿಟ್ಟಿದ್ದಾರೆ. ಈ ತಲೆಮಾರು ಬರೆಯದಿದ್ದರೆ ಮುಂದೆ ಬರೆಯುವವರು ಕೇಳಿದ ಮಾತನ್ನು ಬರೆದಾರೇ ಹೊರತು ಕಂಡದ್ದನ್ನಲ್ಲ.

ಹೋಟೆಲಿನ ಮಾಲೀಕ ಬಂಧುಗಳಿಗೂ ಒಂದು ಮಾತು. ನಿಮ್ಮಲ್ಲಿ ದುಡಿಯುವ ಹುಡುಗನೊಬ್ಬ ಇಳಿಹೊತ್ತಿನಲ್ಲಿ ನೋಟುಬುಕ್ಕು ತೆರೆದು ಕುಳಿತರೆ ಅವನನ್ನು ಗದರದಿರಿ. ಮೂಲೆಯ ಮೇಜೊಂದನ್ನು, ಒಂದು ಗಂಟೆಯನ್ನು, ಒಂದು ಲೋಟ ಕಾಫಿಯನ್ನು ಅವನಿಗೆ ಬಿಟ್ಟುಕೊಡಿ. ಇದರಿಂದ ನಿಮ್ಮ ವ್ಯಾಪಾರಕ್ಕೆ ಕುಂದಿಲ್ಲ. ಅವನು ಬರೆಯುತ್ತಿರುವುದು ನಿಮ್ಮ ಕತೆಯೂ ಆಗಿರಬಹುದು.

ಸಂಘಸಂಸ್ಥೆಗಳ ಪದಾಧಿಕಾರಿಗಳಿಗೆ ಇನ್ನೊಂದು ಸೂಚನೆ. ಅಮೆರಿಕದವರು ಕೆಟ್ಟ ಹವೆಯ ಕಾರಣ ನವೆಂಬರನ್ನು ಆರಿಸಿಕೊಂಡರು. ನಮಗೆ ಅದಕ್ಕಿಂತ ಉತ್ತಮವಾದ ಕಾರಣವಿದೆ. 1956ರ ನವೆಂಬರ್ 1ರಂದು ಹರಿದುಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಆ ನೆನಪಿಗಾಗಿ ಹೊರನಾಡಿನ ನಮ್ಮ ಸಂಘಗಳು ತಿಂಗಳಿಡೀ ಧ್ವಜವೇರಿಸಿ, ಹಾಡಿಸಿ, ಊಟ ಬಡಿಸಿ ರಾಜ್ಯೋತ್ಸವವನ್ನು ಆಚರಿಸುತ್ತವೆ. ಅದರ ಜೊತೆಗೆ, ದೀಪಾವಳಿಯ ಸಂದಣಿ ಕಳೆದ ಮೇಲೆ, ಪ್ರತಿ ಸಂಘವೂ ಹತ್ತು ಮಂದಿ ದುಡಿಯುವವರಿಗೆ ಹತ್ತು ನೋಟುಬುಕ್ಕುಗಳನ್ನು ಕೊಟ್ಟು, ಮೂವತ್ತು ದಿನಗಳ ಬಳಿಕ ಅವರನ್ನೇ ವೇದಿಕೆಗೆ ಕರೆದು ತಲಾ ಒಂದು ಪುಟವನ್ನು ಓದಿಸಿದರೆ ಹೇಗೆ? ಹತ್ತರಲ್ಲಿ ಮೂವರು ಮುಗಿಸಿದರೂ ಆ ವರ್ಷದ ಉತ್ಸವ ಸಾರ್ಥಕವೆಂದು ನಾವು ತಿಳಿಯುತ್ತೇವೆ.

ವಾಚಕ ಸೋದರ ಸೋದರಿಯರೇ, ನಿಮ್ಮ ಬಾಳು ಒಂದು ಕಾದಂಬರಿಯಾದೀತೆಂದು ನೀವೇ ಹೇಳುತ್ತೀರಿ. ನಾವು ಅದನ್ನು ನಂಬುತ್ತೇವೆ. ಹಳೆಯ ಬಿಲ್ಲುಗಳ ಬೆನ್ನಿನ ಮೇಲಾದರೂ ಸರಿ, ಇಂದಿನ ರಾತ್ರಿ ಮೊದಲ ಪುಟವನ್ನು ಬರೆದು, ಅದರ ತಲೆಯಲ್ಲಿ ತಾರೀಖನ್ನು ಕಾಣಿಸಿರಿ.